ನಂಜುಂಡನನ್ನು ಟೀಮಿನಿಂದ ತೆಗೆದದ್ದು

ಎದುರಿಗೆ ನಿಂತು ಕೆಟ್ಟ ಸುದ್ದಿ ಹೇಳುವುದು ನನಗೆ ಬರುವುದಿಲ್ಲ. ಗೊಬ್ಬರದ ಅಂಗಡಿ ಇಟ್ಟವನಿಗೆ ಇದು ಸಣ್ಣ ಕೊರತೆಯಲ್ಲ. ಯೂರಿಯಾ ಬಂದಿಲ್ಲ ಎಂದು ಹೇಳಬೇಕಾದಾಗಲೂ ನಾನು ಮೊದಲು ಮಳೆಯ ವಿಚಾರ ಎತ್ತುತ್ತೇನೆ. ಆಮೇಲೆ ಬಂದವರ ಮಗಳ ಬಾಣಂತನ ವಿಚಾರಿಸುತ್ತೇನೆ. ಅಷ್ಟರಲ್ಲಿ ಅವರಿಗೇ ವಿಷಯ ಅರ್ಥವಾಗಿ, ಎದ್ದು ಕೆ.ಆರ್. ಪೇಟೆ ಬಸ್ಸು ಹತ್ತುತ್ತಾರೆ. ನನ್ನ ಹೆಂಡತಿ ಸರೋಜ ಇದನ್ನು ಹೇಡಿತನ ಎನ್ನುತ್ತಾಳೆ. ನಾನು ದಾಕ್ಷಿಣ್ಯ ಎನ್ನುತ್ತೇನೆ. ಮದುವೆಯಾದಾಗಿನಿಂದ ನಮ್ಮ ಸಂಸಾರ ಈ ಎರಡು ಪದಗಳ ನಡುವೆ ಸುಸೂತ್ರವಾಗಿಯೇ ನಡೆದುಕೊಂಡು ಬಂದಿದೆ. ಇಂಥವನನ್ನು ಹಿಡಿದು ವಾಲಿಬಾಲ್ ತಂಡಕ್ಕೆ ಮ್ಯಾನೇಜರ್ ಮಾಡಿದ್ದು ಊರಿನ ತಪ್ಪೇ ಹೊರತು ನನ್ನದಲ್ಲ.

ಇದು ತೊಂಬತ್ತರ ದಶಕದ ಮಾತು. ಆಗ ಸಂತೆಬಾಚಹಳ್ಳಿಯಲ್ಲಿ ಟೀವಿಯಲ್ಲಿ ನೋಡುವುದಕ್ಕೆ ಕ್ರಿಕೆಟ್ಟು, ಜಗಳವಾಡುವುದಕ್ಕೆ ವಾಲಿಬಾಲು. ನಾನು ಜೀವಮಾನದಲ್ಲಿ ಒಂದು ಸರ್ವೀಸನ್ನೂ ನೆಟ್ಟಿನ ಆಚೆಗೆ ದಾಟಿಸಿದವನಲ್ಲ. ಆದರೆ ಅಂಪೈರುಗಳ ಹತ್ತಿರ ಇಂಗ್ಲಿಷಿನಲ್ಲಿ ಜಗಳ ಕಾಯಲು ಯಾರಾದರೂ ಬೇಕಾಗಿತ್ತು, ನಾನು ಬಿ.ಎ. ಮಾಡಿದ್ದೆ. ಹೀಗಾಗಿ ಚೆಂಡಿನ ಚೀಲ, ನಿಂಬೆಹಣ್ಣು, ಗ್ಲೂಕೋಸ್ ಡಬ್ಬ ಇವೆಲ್ಲ ನನ್ನ ಸುಪರ್ದಿಗೆ ಬಂದವು. ಜೊತೆಗೆ ಅಭಿಮಾನಿಗಳೂ ಬಂದರು. ಸಂಜೆಯಾದರೆ ಸಾಕು, ಅವರೆಲ್ಲ ಬಂದು ನನ್ನ ಅಂಗಡಿಯ ಗೊಬ್ಬರದ ಮೂಟೆಗಳ ಮೇಲೆ ಕೂರುತ್ತಿದ್ದರು. ಮೂಟೆ ಕೊಳ್ಳಲು ಬಂದ ರೈತರು ಅವರು ಏಳುವ ತನಕ ಕಾಯಬೇಕಿತ್ತು. ಕಾಯುತ್ತ ಕಾಯುತ್ತ ಅವರೂ ಅಭಿಮಾನಿಗಳಾಗಿ ಪಕ್ಕದ ಮೂಟೆಯ ಮೇಲೆ ಕೂರುತ್ತಿದ್ದರು. ವ್ಯಾಪಾರ ಹೇಗೆ ನಡೆದಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಆ ವರ್ಷ ಮೂಟೆಗಳ ಮೇಲೆ ನಡೆದದ್ದು ಒಂದೇ ಚರ್ಚೆ. ನಂಜುಂಡನನ್ನು ಇಟ್ಟುಕೊಳ್ಳುವುದೋ, ತೆಗೆಯುವುದೋ? ನಂಜುಂಡ ನಮ್ಮ ಲಿಫ್ಟರ್. ಎಂದರೆ, ಬಂದ ಚೆಂಡನ್ನು ಬೆರಳ ತುದಿಯಲ್ಲಿ ನೆಟ್ಟಿನ ಪಕ್ಕ ಹದವಾಗಿ ಮೇಲಕ್ಕೆತ್ತಿ ಕೊಡುವವನು. ಅದನ್ನು ಹಾರಿ ಹೊಡೆಯುವವನು ಬೇರೆ. ಗೆದ್ದರೆ ಹೊಡೆದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಸೋತರೆ ಎತ್ತಿಕೊಟ್ಟವನನ್ನು ಬೈಯುತ್ತಾರೆ. ಹಿಂದಿನ ವರ್ಷಗಳಲ್ಲಿ ನಂಜುಂಡ ಎತ್ತಿದ ಚೆಂಡು ಹೊಡೆಯುವವನು ಬರುವ ತನಕ ಗಾಳಿಯಲ್ಲಿ ಕಾದು ನಿಂತಿರುತ್ತಿತ್ತು. ಈ ವರ್ಷ ಅದಕ್ಕೆ ಏನಾಗಿತ್ತೋ ತಿಳಿಯದು. ಒಂದೋ ನೆಟ್ಟಿಗೆ ತಗಲುತ್ತಿತ್ತು, ಇಲ್ಲವೇ ಪ್ರೇಕ್ಷಕರ ಕಡೆಗೆ ಹೊರಡುತ್ತಿತ್ತು. ಬೆಳ್ಳೂರಿನಲ್ಲಿ ಸೋತೆವು. ನಾಗಮಂಗಲದಲ್ಲಿ ಸೋತೆವು. ನಾಗಮಂಗಲದಿಂದ ಟೆಂಪೋದಲ್ಲಿ ಬರುವಾಗ ನಂಜುಂಡನ ಜೊತೆ ಯಾರೂ ಒಂದು ಮಾತಾಡಲಿಲ್ಲ. ಅವನ ಬಗ್ಗೆ ಮಾತ್ರ, ಅವನ ಪಕ್ಕದಲ್ಲೇ ಕೂತು, ಅವನು ಇಲ್ಲವೇ ಇಲ್ಲ ಎಂಬಂತೆ ದಾರಿಯುದ್ದಕ್ಕೂ ಮಾತಾಡಿದರು. ಅವನು ಕೈ ಮಡಿಚಿಕೊಂಡು ಹೊರಗಿನ ಕಬ್ಬಿನ ಗದ್ದೆ ನೋಡುತ್ತಿದ್ದ.

ತೆಗೆಯಬೇಕು ಎನ್ನುವ ಪಕ್ಷಕ್ಕೆ ಪಂಕ್ಚರ್ ಅಂಗಡಿಯ ನಜೀರಣ್ಣ ನಾಯಕ. "ನೋಡಿ ಸಾಬ್, ಒಂದು ಪಂಕ್ಚರ್ ಆದ್ರೆ ನಾನು ಪ್ಯಾಚ್ ಹಾಕ್ತೀನಿ. ಅದರ ಪಕ್ಕದಾಗೆ ಇನ್ನೊಂದು ಆದ್ರೂ ಹಾಕ್ತೀನಿ. ಟ್ಯೂಬೆಲ್ಲಾ ಪ್ಯಾಚೇ ಆಗೋದ್ರೆ? ಬಸ್, ಟ್ಯೂಬೇ ಬದಲಾಯಿಸ್ಬೇಕು," ಎನ್ನುವುದು ಅವನ ವಾದ. ಮಾಕವಳ್ಳಿ ಕಡೆಯ ಒಬ್ಬ ಹುಡುಗನನ್ನು ಅವನು ಆಗಲೇ ನೋಡಿಟ್ಟಿದ್ದ.

ಇಟ್ಟುಕೊಳ್ಳಬೇಕು ಎನ್ನುವ ಪಕ್ಷಕ್ಕೆ ಹಾಲಿನ ಡೈರಿಯ ಬೋರಣ್ಣ. "ಲೇ ನಜೀರ, ಕರಿಯೋ ಹಸ ಒಂದೊತ್ತು ಒದೀತು ಅಂತ ಸಂತೆಗೆ ಹೊಡ್ಕೊಂಡೋಯ್ತೀಯೇನ್ಲಾ? ಮೈ ಸವರ್ಬೇಕು ಕಣ್ಲಾ, ಬೂಸ ಇಡ್ಬೇಕು. ತಾನಾಗೇ ಸುರೀತದೆ."

"ನಿನ್ನ ಹಸ ಬೆಳ್ಳೂರಲ್ಲೂ ಒದೀತು, ನಾಗಮಂಗಲದಲ್ಲೂ ಒದೀತಲ್ಲಣ್ಣ!"

ನಾನು ಎರಡೂ ಪಕ್ಷಕ್ಕೆ ಟೀ ತರಿಸುತ್ತಿದ್ದೆ. ಅಭಿಪ್ರಾಯ ಕೇಳಿದರೆ, ಗೊಬ್ಬರ ಹಾಕಿದ ಮಾರನೆಯ ದಿನವೇ ಬೆಳೆ ನೋಡಬಾರದು ಎಂದು ಗಂಭೀರವಾಗಿ ಹೇಳುತ್ತಿದ್ದೆ. ಇದು ಇಬ್ಬರಿಗೂ ತಮ್ಮ ಪರವಾಗಿಯೇ ಕೇಳಿಸುತ್ತಿತ್ತು. ನಾಗಮಂಗಲದ ಸೋಲಿನ ಮೇಲೆ ಬೋರಣ್ಣನ ಪಕ್ಷ ಕರಗಿತು. ಕೊನೆಗೆ ಬೋರಣ್ಣನೇ ಕಣ್ಣು ಒರೆಸಿಕೊಂಡು, "ಆಯ್ತು, ತಗುದ್ಬುಡಿ. ಆದ್ರೆ ಬೇರೆಯೋರ ಬಾಯಿಂದ ಗೊತ್ತಾಗ್ಬಾರ್ದು. ಮರ್ವಾದೆಯಾಗಿ ಮನೇಗೋಗಿ ಯೋಳಾನ," ಎಂದ. ಶ್ರೀರಂಗಪಟ್ಟಣದ ಪಂದ್ಯಕ್ಕೆ ಮೊದಲೇ ಹೇಳುವುದು, ಮ್ಯಾನೇಜರೇ ಹೇಳುವುದು, ಸಾಕ್ಷಿಗೆ ಅವರಿಬ್ಬರೂ ಬರುವುದು ಎಂದು ತೀರ್ಮಾನವಾಯಿತು. ನಾನು ಇನ್ನೊಂದು ಸುತ್ತು ಟೀ ತರಿಸಿದೆ.

ಭಾನುವಾರ ನಾವು ಮೂವರೂ ಹೋದಾಗ ನಂಜುಂಡನ ತಾಯಿ ಪುಟ್ಟತಾಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ನಮ್ಮನ್ನು ಕಂಡು ಮೊರ ಕೆಳಗಿಟ್ಟು, "ಅಯ್ಯೋ, ಬನ್ನಿ ಬನ್ನಿ, ಟೀಮ್ನೋರೇ ಬಂದ್ಬುಟ್ರಲ್ಲಾ," ಎಂದು ಚಾಪೆ ಹಾಸಿದರು. ಒಂದು ವಿಷಯವಿತ್ತು ಎಂದೆ. ಮಾತು ಆಗಲೇ ಮುಗಿಸಿಬಿಡಬೇಕಿತ್ತು. ಆದರೆ ನಮ್ಮ ಸೀಮೆಯಲ್ಲಿ ಬಂದವರಿಗೆ ಉಣ್ಣಿಸದೆ ವಿಷಯ ಕೇಳುವುದಿಲ್ಲ. ಬಂದವರೂ ಉಣ್ಣದೆ ವಿಷಯ ಹೇಳುವುದಿಲ್ಲ. ನಾವು ಬರುವಾಗ ಬೇಲಿಯ ಪಕ್ಕ ಒಂದು ಕೋಳಿ ಕೆದಕುತ್ತಿತ್ತು. ಪುಟ್ಟತಾಯಮ್ಮ ಅದನ್ನು ಹಿಡಿದು ತಂದು ಚೂರಿಯ ಸಮೇತ ನಜೀರಣ್ಣನ ಕೈಗೆ ಕೊಟ್ಟರು.

"ನೀನೇ ಕೂದ್ಕೊಡಪ್ಪ. ನಾವು ಕೂದ್ರೆ ನೀನು ಉಣ್ಣಕ್ಕಿಲ್ಲ. ನನ್ ಮಗ್ನಿಗೋಸ್ಕರ ಬಂದಿದ್ದೀಯ, ಬರೀ ಅನ್ನ ಉಂಡು ಎದ್ದೋಗ್ಬಾರ್ದು."

ನಜೀರಣ್ಣ ಬಿಸ್ಮಿಲ್ಲಾ ಹೇಳಿ ಕೆಲಸ ಮುಗಿಸಿ, ಕೈ ತೊಳೆದುಕೊಂಡು ಬಂದು ಚಾಪೆಯ ಮೇಲೆ ಕೂತ. ಟ್ಯೂಬು ಬದಲಾಯಿಸುವ ಮಾತನ್ನು ಆ ಮುಖದಿಂದ ಇನ್ನು ನಿರೀಕ್ಷಿಸುವಂತಿರಲಿಲ್ಲ. ಬೋರಣ್ಣ ಮಾಡಿನ ಹೆಂಚು ನೋಡುತ್ತಿದ್ದ. ಅಷ್ಟರಲ್ಲಿ ನಂಜುಂಡ ಗದ್ದೆಯಿಂದ ಬಂದು, ನಮ್ಮನ್ನು ನೋಡಿ ಏನೋ ಹೇಳಲು ಬಾಯಿ ತೆರೆದವನು, ಒಲೆಯ ಮೇಲಿನ ಸಾರಿನ ವಾಸನೆ ಹಿಡಿದು ಸುಮ್ಮನೆ ಎಲೆ ಹಾಕಲು ಹೋದ.

ಸಾರು ಹೇಗಿತ್ತೆಂದು ಹೇಳಿದರೆ ನೀವು ನನ್ನನ್ನು ಕ್ಷಮಿಸಿಬಿಡುತ್ತೀರಿ, ಆದ್ದರಿಂದ ಹೇಳುವುದಿಲ್ಲ. ಕೈ ತೊಳೆದ ಮೇಲೆ ಪುಟ್ಟತಾಯಮ್ಮ ಅಡಿಕೆ ತಟ್ಟೆ ಮುಂದಿಟ್ಟು, "ಊರೋರು ಏನೇನೋ ಅಂತಾವ್ರೆ ಕಣಪ್ಪ. ನೀವು ಮೂರ್ ಜನ ಕೈ ಬುಡಕ್ಕಿಲ್ಲ ಅಂತ ನಂಗೆ ಧೈರ್ಯ. ಅದೇನೋ ವಿಸ್ಯ ಅಂದ್ರಲ್ಲಾ, ಯೋಳಿ," ಎಂದರು. ನಜೀರಣ್ಣ ನನ್ನನ್ನು ನೋಡಿದ. ಬೋರಣ್ಣ ನನ್ನನ್ನು ನೋಡಿದ. ನಾನು ಗಂಟಲು ಸರಿಮಾಡಿಕೊಂಡು, ಶ್ರೀರಂಗಪಟ್ಟಣಕ್ಕೆ ಟೆಂಪೋ ಬೇಗ ಹೊರಡುತ್ತದೆ, ನಂಜುಂಡ ತಡ ಮಾಡಬಾರದು ಎಂದು ಖಡಾಖಂಡಿತವಾಗಿ ಹೇಳಿದೆ.

ಶ್ರೀರಂಗಪಟ್ಟಣದಲ್ಲೂ ಸೋತೆವು.

ಆಮೇಲೆ ಒಂದು ದಿನ ನಂಜುಂಡ ತಾನಾಗಿ ಅಂಗಡಿಗೆ ಬಂದ. ಮಧ್ಯಾಹ್ನ, ಮೂಟೆಗಳ ಮೇಲೆ ಯಾರೂ ಕೂತಿರಲಿಲ್ಲ. ಬಲಗೈ ಮುಂದೆ ಚಾಚಿ ಹೆಬ್ಬೆರಳು ತೋರಿಸಿದ. ಬುಡದಲ್ಲಿ ಊದಿಕೊಂಡಿತ್ತು. "ಕಬ್ಬಿನ್ ಹೊರೆ ಎತ್ತುವಾಗ ಉಳುಕ್ತು ಕಣಣ್ಣ. ಸೀಜನ್ ಸುರುವಾಗೋಕ್ ಮುಂಚೇನೇ. ಚೆಂಡು ತಗಲಿದ್ರೆ ಜೀವ ಹೋಯ್ತದೆ."

"ಅದನ್ನ ಮೊದಲೇ ಹೇಳೋದಲ್ವೇನೋ?"

"ನಾಗಮಂಗಲ ಆದ್ಮೇಲೆ ಬುಟ್ಬುಡ್ತೀನಿ ಅಂತ ಯೋಳ್ಬೇಕು ಅಂತಿದ್ದೆ. ಅಷ್ಟೊತ್ತಿಗೆ ನೀವೇ ಮನೇಗೆ ಬಂದ್ಬುಟ್ರಿ. ಅವ್ವನ ಕೈಲಿ ಉಂಡ್ರಿ, ಟೆಂಪೋಗೆ ಬಾ ಅಂದ್ರಿ. ಮನೇಲಿ ಉಂಡೋರ್ಗೆ ಆಗಾಕಿಲ್ಲ ಅಂತ ಎಂಗಣ್ಣ ಅನ್ನದು? ಈಗ ಯೋಳಾನ ಅಂತ ಬಂದೆ."

ನನಗೆ ನಾಚಿಕೆಯಾಯಿತು. ಊರಿಗೆ ಊರೇ ಅವನ ಮನಸ್ಸು ಕೆಟ್ಟಿದೆ, ದೃಷ್ಟಿಯಾಗಿದೆ, ಜಂಬ ಬಂದಿದೆ ಎಂದು ಚರ್ಚಿಸುತ್ತ ಕೂತಿತ್ತು. ಅವನ ಕೈಯನ್ನು ಯಾರೂ ನೋಡಿರಲಿಲ್ಲ. ಆಯಿತು ನಂಜುಂಡ, ನೀನು ಆಡುವುದು ಬೇಡ ಎಂದು ಹೇಳಲು ನಾನು ಬಾಯಿ ತೆರೆದೆ. ಅಂಗಡಿಯ ಹಿಂದೆಯೇ ನಮ್ಮ ಮನೆ. ಅದೇ ಹೊತ್ತಿಗೆ ಸರೋಜ ಬಾಗಿಲಿನಿಂದ ಇಣುಕಿ, "ಉಪ್ಸಾರು ಆರೋಯ್ತದೆ, ನಂಜುಂಡಣ್ಣನ್ನೂ ಕರ್ಕೊಂಡು ಬನ್ನಿ," ಎಂದಳು.

ಉಂಡು ಹೋದ ಮೇಲೆ ಅವಳು ಕೇಳಿದಳು, "ಯಾಕ್ ಬಂದಿದ್ದಂತೆ?"

"ಟೀಮು ಬಿಡೋದಕ್ಕೆ."

"ಬಿಟ್ನಾ?"

"ಪಾಂಡವಪುರದ ಮ್ಯಾಚಿಗೆ ಟೆಂಪೋ ಎಷ್ಟೊತ್ತಿಗೆ ಅಂತ ಕೇಳ್ಕೊಂಡು ಹೋದ."

ಸರೋಜ ಉಂಡ ಎಲೆಗಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ತನಗೆ ಪ್ರಿಯವಾದ ಆ ಪದವನ್ನು ಅವತ್ತು ಅವಳು ಬಳಸಲಿಲ್ಲ, ಅಗತ್ಯವೂ ಇರಲಿಲ್ಲ.

ಪಾಂಡವಪುರದಲ್ಲಿ ಮಾತ್ರ ಯಾರೂ ನಮ್ಮನ್ನು ಊಟಕ್ಕೆ ಕರೆದಿರಲಿಲ್ಲ. ಎರಡನೆಯ ಸೆಟ್ಟಿನ ನಡುವೆ ನಂಜುಂಡ ಚೆಂಡನ್ನು ನೆಲಕ್ಕಿಟ್ಟು, ತಾನೇ ಗೆರೆ ದಾಟಿ ಹೊರಗೆ ಬಂದ. ನಜೀರಣ್ಣ ಜೊತೆಗೆ ಕರೆತಂದಿದ್ದ ಮಾಕವಳ್ಳಿಯ ಹುಡುಗನ ಬೆನ್ನು ತಟ್ಟಿ ಒಳಗೆ ಕಳಿಸಿ, ನಜೀರಣ್ಣನಿಗೂ ಬೋರಣ್ಣನಿಗೂ ನಡುವೆ ಕೂತು ಹೆಬ್ಬೆರಳು ತೋರಿಸಿದ. ನಜೀರಣ್ಣ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಅರೆ ಬೇಟಾ, ಅರೆ ಬೇಟಾ," ಎನ್ನುತ್ತಿದ್ದ. ಬೋರಣ್ಣ ಬಹಿರಂಗವಾಗಿಯೇ ಅತ್ತ. ಆ ದಿನವೂ ಸೋತೆವು, ಆದರೆ ಹುಡುಗ ಎತ್ತಿದ ಚೆಂಡು ಗಾಳಿಯಲ್ಲಿ ನಿಲ್ಲುತ್ತಿತ್ತು. ಬೆರಳು ವಾಸಿಯಾಗುವ ತನಕ ನಂಜುಂಡನೇ ಆ ಹುಡುಗನಿಗೆ ಕಲಿಸುವುದೆಂದಾಯಿತು.

ತೊಂದರೆ ಏನೆಂದರೆ, ನಜೀರಣ್ಣನಿಗೂ ಬೋರಣ್ಣನಿಗೂ ಇನ್ನು ಜಗಳವಾಡಲು ಏನೂ ಉಳಿಯಲಿಲ್ಲ. ಕೆಲವು ಸಂಜೆ ಇಬ್ಬರೂ ಮೂಟೆಗಳ ಮೇಲೆ ಸುಮ್ಮನೆ ಕೂತಿದ್ದರು. ಸುಮ್ಮನೆ ಕೂತವರಿಗೆ ಯೋಚನೆ ಬರುತ್ತದೆ. ಲಿಫ್ಟರಿನ ಬೆರಳು ಊದಿದ್ದು ಇಡೀ ಸೀಜನ್ ಗೊತ್ತಾಗದ ಟೀಮಿನಲ್ಲಿ ಅಸಲಿಗೆ ಬದಲಾಗಬೇಕಾದವರು ಯಾರು ಎಂಬ ಯೋಚನೆ. ಒಂದು ಭಾನುವಾರ ಇಬ್ಬರೂ ಒಗೆದ ಅಂಗಿ ತೊಟ್ಟು, ಜೊತೆಯಾಗಿ, ಅಂಗಡಿಗೆ ಬಾರದೆ ನೇರವಾಗಿ ಮನೆಯ ಬಾಗಿಲಿಗೆ ಬಂದರು. ಬೋರಣ್ಣ ಮಳೆಯ ವಿಚಾರ ಎತ್ತಿದ. ನಜೀರಣ್ಣ ನನ್ನ ಮಗಳ ಓದು ವಿಚಾರಿಸಿದ. ಆಮೇಲೆ ಬೋರಣ್ಣ ಗಂಟಲು ಸರಿಮಾಡಿಕೊಂಡು, "ಅಣ್ಣಾ, ಮ್ಯಾನೇಜರ್ ವಿಸ್ಯ ಒಸಿ ಮಾತಾಡಾನ ಅಂತ..." ಎಂದ.

"ಆಯ್ತು, ಮಾತಾಡೋಣ," ಎಂದು ನಾನು ಎದ್ದು ಚಾಪೆ ಹಾಸಿ, ಒಳಗೆ ತಿರುಗಿ ಕೂಗಿದೆ: "ಸರೋಜಾ, ಮೂರು ಎಲೆ ಹಾಕು."