ದೇವೀಂದ್ರಪ್ಪನ ಗೋಡೆಯ ಮೇಲೆ ಎರಡು ದೇಶಗಳ ದಾಳಿ

ದೇವೀಂದ್ರಪ್ಪನ ಗೋಡೆ ಬಿರುಕು ಬಿಟ್ಟದ್ದಕ್ಕೆ ಯಾವ ದೇಶವೂ ಕಾರಣವಲ್ಲ. ವಾಡಿ ಊರಿನ ಅಂಚಿನಲ್ಲಿ ಅವನ ಮನೆ, ಮನೆಯ ಹಿಂದೆಯೇ ಕಲ್ಲು ಗಣಿ. ಮಧ್ಯಾಹ್ನವಾದರೆ ಗಣಿಯ ಎಚ್ಚರಿಕೆಯ ಭೋಂಗಾ ಊದುತ್ತದೆ. ಓಣಿಯವರೆಲ್ಲ ಅಡುಗೆಮನೆಗೆ ಓಡಿ, ಶೆಲ್ಫಿನ ಮೇಲಿನ ಡಬ್ಬಿಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಾರೆ. ಆಮೇಲೆ ಬಂಡೆ ಸಿಡಿಯುತ್ತದೆ. ಡಬ್ಬಿಯನ್ನೇನೋ ಹಿಡಿಯಬಹುದು, ಗೋಡೆಯನ್ನು ಹಿಡಿಯುವುದು ಹೇಗೆ? ಹಿತ್ತಲಿನ ಗೋಡೆ ಕೈ ತೂರುವಷ್ಟು ಬಿರಿದಿತ್ತು.

ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆದ ಮೇಲೆ ದೇವೀಂದ್ರಪ್ಪ ಒಂದು ದಿನ ಸಿಟ್ಟಿಗೆದ್ದು, ಬಂಡೆ ಸಿಡಿಯುವುದನ್ನೂ ಗೋಡೆ ನಡುಗುವುದನ್ನೂ ಮೊಬೈಲಿನಲ್ಲಿ ಹಿಡಿದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಒಬ್ಬರೂ ಅಯ್ಯೋ ಎನ್ನಲಿಲ್ಲ.

ಈಗ ಜಗತ್ತೇ ನೋಡುತ್ತಿತ್ತು! ಎಲ್ಲೋ ದೂರದಲ್ಲಿ ಎರಡು ನೆರೆಯ ದೇಶಗಳು ಗಡಿಗಾಗಿ ಬಡಿದಾಡತೊಡಗಿದ್ದವು. ಆ ವಿಡಿಯೊ ಕೈಯಿಂದ ಕೈಗೆ ದಾಟಿ ಅಲ್ಲಿಗೆ ಮುಟ್ಟಿ, ರಣವಾದ್ಯ ಸೇರಿಸಿಕೊಂಡು ವಾಡಿಗೇ ಮರಳಿ ಬಂದಿತ್ತು. ‘ಶತ್ರುವಿನ ಗಡಿ ಠಾಣೆ ಉಡಾಯಿಸಿದ್ದು ನಾವು’ ಎಂದು ಉತ್ತರದ ದೇಶ, ‘ಅಲ್ಲ, ನಾವು’ ಎಂದು ದಕ್ಷಿಣದ ದೇಶ. ಗೋಡೆ ಯಾರದೆಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಅಂದು ಬೆಳಿಗ್ಗೆ ಗಣಿಯ ಸಾಹೇಬರ ಫೋನ್ ಬಂತು. “ಮಧ್ಯಾಹ್ನ ಗ್ವಾಡಿ ನೋಡ್ಲಿಕ್ಕ ಬರ್ತೀನಿ. ನಮ್ಮ ಬ್ಲಾಸ್ಟಿಂಗಿಂದ ಸೀಳ್ಯಾದ ಅಂತ ಆಜೂಬಾಜೂ ಮಂದಿ ಹೇಳಿದ್ರ ಹೊಸಾದು ಕಟ್ಟಿಸಿಕೊಡ್ತೀವಿ.”

ದೇವೀಂದ್ರಪ್ಪ ಎಡಮನೆಯ ರಘುವೀರ ಮಾಸ್ತರರ ಬಳಿಗೆ ಓಡಿದ.

“ಮಾಸ್ತರ್, ಗಣಿ ಸಾಹೇಬ್ರಿಗಿ ಒಂದು ಮಾತು ಹೇಳಿ ಪುಣ್ಯಾ ಕಟ್ಕೋರಿ. ಈ ವಿಡಿಯೋದಾಗಿಂದೂ ನಂದೇ ಗ್ವಾಡಿ.”

ಮಾಸ್ತರರು ಉತ್ತರದ ಪಕ್ಷ. ಕನ್ನಡಕ ಇಳಿಸಿ ನೋಡಿದರು. “ಏನ್ ಹುಚ್ಚರಂಗ ಮಾತಾಡ್ಲಿಕತ್ತೀಯೋ? ಇದು ಉತ್ತರದವ್ರ ತೋಪಿನ ಏಟು. ಅಲ್ಲಿ ದಕ್ಷಿಣದವ್ರ ಹಳದಿ ಬಾವುಟ ಕಾಣಂಗಿಲ್ಲೇನು?”

“ಅದು ಗ್ವಾಡಿ ಮ್ಯಾಲ ಒಣಾ ಹಾಕಿದ್ದ ನನ್ನ ಹೇಣ್ತಿ ಸೀರಿ ರೀ!”

“ಸತ್ತ ಸೈನಿಕರ ಬಾವುಟಕ್ಕ ಸೀರಿ ಅಂತಿ? ನಾಚಿಕಿ ಬರಂಗಿಲ್ಲ ನಿನಗ?”

ಬಲಮನೆಯ ಸಿದ್ದಣ್ಣನದು ಕಿರಾಣಿ ಅಂಗಡಿ. ಮಾಸ್ತರರು ಉತ್ತರ ಎಂದ ಕಾರಣಕ್ಕೇ ಅವನು ದಕ್ಷಿಣ. “ಬಾವುಟ ಉತ್ತರದ್ದು ಅಂತ ಆ ಮಾಸ್ತರಗ ಹೋಗಿ ಹೇಳು” ಎಂದು ದೇವೀಂದ್ರಪ್ಪನನ್ನು ಹಿಂದಕ್ಕಟ್ಟಿದ.

ಹೆಂಡತಿ ಶಿವಕಾಂತಮ್ಮ ಕೆರಳಿ, ಆ ಹಳದಿ ಸೀರೆಯನ್ನೇ ತಂದು ನಡುಬೀದಿಯಲ್ಲಿ ಹರವಿದಳು. “ನೋಡ್ರಿ, ಕಣ್ಣಿದ್ರ ನೋಡ್ರಿ!”

ಮಾಸ್ತರರೂ ಸಿದ್ದಣ್ಣನೂ ಬಗ್ಗಿ ಸೆರಗು ಮುಟ್ಟಿ ನೋಡಿದರು. “ಬಾವುಟದ ಬಣ್ಣ ಇಷ್ಟು ಮಾಸಿಲ್ಲ” ಎಂದರು ಮಾಸ್ತರರು. “ಖರೇ ಅದ” ಎಂದ ಸಿದ್ದಣ್ಣ. ಯುದ್ಧ ಶುರುವಾದಂದಿನಿಂದ ಅವರಿಬ್ಬರೂ ಒಪ್ಪಿದ ಮಾತು ಇದೊಂದೇ!

ಸಾಹೇಬರು ಜೀಪಿನಲ್ಲಿ ಬಂದು ಹಿತ್ತಲಲ್ಲಿ ನಿಂತರು. “ಹೇಳ್ರಿ, ಗ್ವಾಡಿ ಸೀಳಿದ್ದು ಯಾತಕ್ಕ?”

“ಅದ್ಯಾವಾಗೋ ತಾನಾಗೇ ಸೀಳ್ಯಾದ್ರಿ. ವಿಡಿಯೋದಾಗಿನ ಗ್ವಾಡಿ ಮಾತ್ರ ಇದಲ್ಲ, ಅದು ಉತ್ತರದವ್ರು ಹೊಡದದ್ದು” ಎಂದರು ಮಾಸ್ತರರು.

“ದಕ್ಷಿಣದವ್ರು!” ಎಂದ ಸಿದ್ದಣ್ಣ.

ಸಾಹೇಬರ ಮುಖ ಅರಳಿತು. ಅಷ್ಟರಲ್ಲಿ ಭೋಂಗಾ ಊದಿತು. ಉತ್ತರ, ದಕ್ಷಿಣ ಎಂದು ಕೂಗುತ್ತಲೇ ಇಬ್ಬರೂ ದೇವೀಂದ್ರಪ್ಪನ ಅಡುಗೆಮನೆಗೆ ನುಗ್ಗಿ, ಒಬ್ಬ ಉಪ್ಪಿನಕಾಯಿ ಭರಣಿಯನ್ನೂ ಇನ್ನೊಬ್ಬ ಸಕ್ಕರೆ ಡಬ್ಬಿಯನ್ನೂ ಅವುಚಿ ಹಿಡಿದರು.

“ತೋಪು ಹೊಡ್ಯೋರು ಭೋಂಗಾ ಊದಿ ಹೇಳ್ತಾರೇನ್ರಿ?” ಎಂದು ಶಿವಕಾಂತಮ್ಮ ಕಿರುಚಿದಳು. ಉತ್ತರವಾಗಿ ಬಂಡೆಯೇ ಸಿಡಿಯಿತು. ಗೋಡೆ ಒಮ್ಮೆ ತೂಗಿ, ಸಾಹೇಬರ ಕಾಲ ಬಳಿಯೇ ದಡದಡನೆ ಕುಸಿಯಿತು.

ಗೋಡೆ ಬಿದ್ದದ್ದಕ್ಕೆ ಕುಣಿದಾಡಿದ ಮನೆಯೊಡೆಯ ಜಗತ್ತಿನಲ್ಲಿ ದೇವೀಂದ್ರಪ್ಪನೊಬ್ಬನೇ ಇರಬೇಕು. “ನೋಡಿದ್ರಲ್ಲ ಸಾಹೇಬ್ರ! ನಿಮ್ಮ ಕಣ್ಣಾರೆ ನೋಡಿದ್ರಿ! ಇನ್ನ ಯಾರ ಸಾಕ್ಷಿ ಬೇಕ್ರಿ?”

ರೊಟ್ಟಿಯ ಹಿಟ್ಟಿನಲ್ಲಿ ಹೊರಳಿದಂತಾಗಿದ್ದ ಸಾಹೇಬರು ಮೀಸೆಯ ಧೂಳು ಒರೆಸಿಕೊಂಡರು. “ನೋಡೀನಪಾ. ನಮ್ಮ ಡ್ರೈವರ್ ವಿಡಿಯೋನೂ ಮಾಡ್ಯಾನ. ಸಂಜಿಗಿ ಫೋನ್ ಮಾಡ್ತೀನಿ.”

ದೇವೀಂದ್ರಪ್ಪ ಆ ಖುಷಿಯಲ್ಲಿ ವೈರಿಗಳಿಬ್ಬರಿಗೂ ಚಹಾ ಕುಡಿಸಿದ. ಕುಡಿದು ಮುಗಿಯುವುದರೊಳಗೆ ಮೂವರ ಮೊಬೈಲುಗಳೂ ಗುಯ್ಗುಟ್ಟಿದವು. ಡ್ರೈವರನ ವಿಡಿಯೊ! ಅದಕ್ಕೂ ರಣವಾದ್ಯ ಬಂದುಬಿಟ್ಟಿತ್ತು. ಧೂಳು ಮೆತ್ತಿಕೊಂಡ ಸಾಹೇಬರು ‘ಶರಣಾದ ಶತ್ರು ಸೇನಾಪತಿ’ ಆಗಿದ್ದರು.

ಸಂಜೆಯಾದರೂ ಸಾಹೇಬರ ಫೋನ್ ಬಾರದಿದ್ದಾಗ ದೇವೀಂದ್ರಪ್ಪ ತಾನೇ ಫೋನ್ ಮಾಡಿದ.

“ಸುದ್ದಿ ನೋಡಿದಿ ಇಲ್ಲೋ?” ಎಂದರು ಸಾಹೇಬರು. “ಗ್ವಾಡಿ ಕೆಡವಿದವ್ರು ನಾವೇ ಅಂತ ಉತ್ತರದವ್ರು ಒಪ್ಪಿಕೊಂಡಾರ. ಗ್ವಾಡಿ ಬಿದ್ದೇ ಇಲ್ಲ ಅಂತ ದಕ್ಷಿಣದವ್ರು ಹೇಳ್ಯಾರ. ಎರಡರಾಗೂ ನಮ್ಮ ಖಣಿ ಹೆಸರಿಲ್ಲ.”

“ಸಾಹೇಬ್ರ, ನಿಮ್ಮ ಕಾಲಬುಡಕೇ ಬಿತ್ತಲ್ರಿ! ದೇವರಾಣಿ ಹೇಳ್ರಿ, ಬಿತ್ತೋ ಇಲ್ಲೋ?”

“ನಮ್ಮ ಕಂಪನಿ ಮಂದಿ ಮೀಟಿಂಗ್ ಮಾಡ್ಯಾರ. ಪರದೇಶದ ಜಗಳದಾಗ ನಾವು ಯಾರ ಪಕ್ಷಾನೂ ಹಿಡಿಯಂಗಿಲ್ಲ. ಆದ್ರ ದಕ್ಷಿಣದವ್ರ ಮಾತು ಖರೇ ಅನಸ್ತದ” ಎಂದು ಸಾಹೇಬರು ಫೋನ್ ಇಟ್ಟರು.

ದೇವೀಂದ್ರಪ್ಪ ಹಲ್ಲು ಕಡಿಯುತ್ತ ಹಿತ್ತಲಿಗೆ ಬಂದ. ಅಲ್ಲಿ ಉರುಳಿದ ಕಲ್ಲುಗಳ ಮೇಲೆ ಎದುರುಬದುರು ಕುಳಿತು, ಮಾಸ್ತರರೂ ಸಿದ್ದಣ್ಣನೂ ಗೋಡೆ ಬಿದ್ದಿದೆಯೋ ಇಲ್ಲವೋ ಎಂದು ಜಗಳವಾಡುತ್ತಿದ್ದರು.