ಬಣ್ಣ ಹಚ್ಚದ ಟ್ರ್ಯಾಕ್ಟರ್

ಎಲ್ಲ ಅನಾಹುತಕ್ಕೂ ಕಾರಣ ಒಂದೇ: ಅಸುಂಡಿಯ ತಿರಕಪ್ಪ ತನ್ನ ಟ್ರ್ಯಾಕ್ಟರಿಗೆ ಬಣ್ಣ ಹಚ್ಚಲಿಲ್ಲ.

ಗದಗ-ಬೆಟಗೇರಿಯ ಹೊರಗಿನ ಹಳೇ ಟ್ರ್ಯಾಕ್ಟರುಗಳ ಹರಾಜಿನ ಬಯಲಿಗೆ ಬಣ್ಣವಿಲ್ಲದೆ ಬರುವುದೆಂದರೆ ಮದುವೆಗೆ ಬರೀ ಬನಿಯನ್ನಿನಲ್ಲಿ ಬಂದ ಹಾಗೆ. ಅಲ್ಲಿ ಮುದಿ ಟ್ರ್ಯಾಕ್ಟರುಗಳೆಲ್ಲ ಮದುಮಗಳಂತೆ ಮಿಂಚುತ್ತಿದ್ದವು. ಕಿರುಚುವ ಗೇರುಗಳ ಬಾಯಿಗೆ ಕಟ್ಟಿಗೆ ಪುಡಿ ತುರುಕಿದ್ದರು. ಓಡಿದ ತಾಸು ತೋರಿಸುವ ಮೀಟರುಗಳು ಹಿಂದಕ್ಕೆ ತಿರುಗಿ ಬಾಲ್ಯಕ್ಕೆ ಮರಳಿದ್ದವು. ಚಹಾ-ಮಿರ್ಚಿಯ ಕರಾರಿನ ಮೇಲೆ ಸುಳ್ಳುಸುಳ್ಳೇ ಬೆಲೆ ಏರಿಸುವ ಮಂದಿಯೂ ನೆರಳು ಹಿಡಿದು ಕೂತಿದ್ದರು.

ತಿರಕಪ್ಪನಿಗೆ ಅಂದು ಮಾರಲೇಬೇಕಿತ್ತು. ಮುಳಗುಂದದ ಹನಮಪ್ಪ ತನ್ನ ಗಟ್ಟಿಮುಟ್ಟಾದ ಟ್ರ್ಯಾಕ್ಟರನ್ನು ಸಂಜೆಯವರೆಗೆ ಇವನಿಗಾಗಿ ಇಟ್ಟುಕೊಳ್ಳುವೆನೆಂದು ಮಾತು ಕೊಟ್ಟಿದ್ದ. ಇದನ್ನು ಮಾರಿ ಅದನ್ನು ತಂದರೆ ಮರುದಿನವೇ ಹೆಸರುಕಾಳಿನ ಬಿತ್ತನೆ. ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಹದವೇನು ಬೀಗರೇ, ಕರೆದಾಗ ಮತ್ತೆ ಬರಲಿಕ್ಕೆ?

ಹರಾಜು ಕೂಗುವ ವೀರು ಮೈಕಿನಲ್ಲಿ ರಾಗ ತೆಗೆದ: "ಬರ್ರೀ… ನೋಡ್ರೀ… ಆನಿಯಂಥಾ ಗಾಡೀ! ಯಜಮಾನ್ರ, ನೀವೂ ಎರಡು ಮಾತು ಹೇಳ್ರಿ."

ತಿರಕಪ್ಪ ಮೈಕು ಹಿಡಿದು ಗಂಟಲು ಸರಿ ಮಾಡಿಕೊಂಡ.

"ಆನಿ ಅಲ್ರೀ. ಎಣ್ಣಿ ಸೋರತೈತಿ. ಏರಿನ್ಯಾಗ ತೇಕತೈತಿ. ಮೂರನೇ ಗೇರು ಮನಸ್ಸು ಬಂದ್ರ ಬೀಳತೈತಿ. ಬ್ರೇಕ್ ಹಾಕಿದ್ರ ನಿಂದ್ರತೈತಿ, ಆದ್ರ ನಾವು ಅಂದಲ್ಲಿ ಅಲ್ಲ."

ವೀರು ಮೈಕಿಗೆ ಅಂಗೈ ಮುಚ್ಚಿದ. "ಮಾರಾಕ ಬಂದೀರೋ, ನನ್ನ ಮರ್ಯಾದಿ ತಗ್ಯಾಕ ಬಂದೀರೋ?"

ಅಷ್ಟರಲ್ಲಿ ಚಹಾದಂಗಡಿಯ ದೇವವ್ವ ಸೌಟು ಎತ್ತಿ ತೀರ್ಪು ಕೊಟ್ಟಳು: "ಏನೋ ಮಸಲತ್ತು ಐತಿ! ಬ್ಯಾಂಕಿನವ್ರು ಜಪ್ತಿ ಮಾಡಿದ ಗಾಡಿ ಇರಬೇಕ. ಮಂದೀನ ಅಂಜಿಸಿ ಓಡಿಸಿ, ತನ್ನ ಬೀಗರ ಕೈಲೆ ಕಡಿಮಿಗೆ ಬಿಡಿಸ್ಕೊಳ್ಳಾಕ ನಿಂತಾನ. ಹೋದ ವರ್ಷನೂ ಒಬ್ಬಾಂವ ಹಿಂಗ ಅತ್ತು-ಕರದು ಚೊಲೋ ಗಾಡಿ ಹೊಡಕೊಂಡು ಹೋದ!"

ಬಯಲಿಗೆ ಜೀವ ಬಂತು. ನೆರಳಿನ ಮಂದಿ ಎದ್ದು ನಿಂತರು. ಒಬ್ಬ ಕೂಗಿದ, ಇನ್ನೊಬ್ಬ ಏರಿಸಿದ.

ಜೊತೆಗೆ ಬಂದಿದ್ದ ಬಾಜೂಮನೆಯ ಸುಭಾಸ ತಿರಕಪ್ಪನ ಕಿವಿಗೆ ಬಾಯಿಟ್ಟ. "ಲೇ ತಿರಕ್ಯಾ, ನನಗರ ಹೇಳಲೇ. ಒಳಗ ಏನೈತಿ?"

"ತುಕ್ಕು ಐತಿ."

"ಬಾಜೂಮನಿಯಾಂವಗೂ ಹೇಳವಲ್ಲಿ ನೋಡು! ಅಂದ್ರ ಭಾರೀ ಮಾಲ ಇರಬೇಕ," ಎನ್ನುತ್ತ ಸುಭಾಸ ಅಲ್ಲೇ ಸುತ್ತಲಿನ ಊರುಗಳ ರೈತರ ವಾಟ್ಸಾಪ್ ಗುಂಪಿಗೆ ಸುದ್ದಿ ಬಿಟ್ಟ: 'ಹರಾಜಿನ್ಯಾಗ ಒಂದು ಚಿನ್ನದಂಥಾ ಗಾಡಿ. ಬಣ್ಣ ಇಲ್ಲ. ಮಾಲಕಗ ಬಿಡೂ ಮನಸ್ಸಿಲ್ಲ.'

ಖರೆ ತೋರಿಸಿಯೇ ಬಿಡೋಣವೆಂದು ತಿರಕಪ್ಪ ಚಾಲೂ ಮಾಡಿದ. ಟ್ರ್ಯಾಕ್ಟರು ಬೀಡಿ ಸೇದುವ ಮುದುಕನಂತೆ "ಖರ್ರ್… ಖರ್ರ್… ಖೊಳ್!" ಎಂದು ಕೆಮ್ಮಿ, ದೇವವ್ವನ ಹಾಲಿನ ಪಾತ್ರೆಗೆ ಕಾಡಿಗೆ ಹಚ್ಚಿತು.

"ನೋಡ್ರೀ! ಬೇಕಂತ ಹೊಗಿ ಬಿಡಸ್ತಾನ!" ಎಂದಿತು ಜನ. ಬೆಲೆ ಮತ್ತೆ ಜಿಗಿಯಿತು.

"ಕೈ ಮುಗೀತೀನ್ರೀ, ಅಷ್ಟು ಬಾಳಂಗಿಲ್ಲ ಇದು!" ಎಂದು ತಿರಕಪ್ಪ ಗೋಗರೆದ. ಅದಕ್ಕೂ ಜಿಗಿಯಿತು.

ಕೊನೆಗೆ ವೀರುವಿನ ಫೋನಿಗೆ ಯಾರೋ ಕರೆ ಮಾಡಿ, ಎಲ್ಲರ ಬಾಯಿ ಮುಚ್ಚಿಸುವಂಥ ಬೆಲೆ ಹೇಳಿದರು. "ಒಂದ್ ಸಲಾ… ಎರಡ್ ಸಲಾ… ಫೋನಿನವ್ರಿಗೆ ಮೂರ್ ಸಲಾ!"

ಫೋನಿನಲ್ಲೇ ರೊಕ್ಕ ಜಮಾ ಆದ ಕೂಡಲೇ ವೀರು ತನ್ನ ದಲಾಲಿ ಮುರಿದುಕೊಂಡು ಉಳಿದದ್ದು ಕೊಟ್ಟ. ಹನಮಪ್ಪನ ಟ್ರ್ಯಾಕ್ಟರು ಕೊಂಡು, ಬಿತ್ತುವ ಕೂರಿಗೆಯನ್ನೂ ಕೊಳ್ಳುವಷ್ಟು ರೊಕ್ಕ! ಖರೆ ಹೇಳಿಯೂ ಬದುಕಬಹುದು ಎಂದುಕೊಂಡು ತಿರಕಪ್ಪ ಟಂಟಂ ಆಟೋ ಹತ್ತಿ ಮುಳಗುಂದಕ್ಕೆ ಹೋದ.

ಹನಮಪ್ಪ ಕಟ್ಟೆಯ ಮೇಲೆ ನಗುತ್ತ ಕೂತಿದ್ದ. ಹಿಂದಿನ ಪತ್ರಾಸ್ ತಗಡಿನ ಶೆಡ್ಡು ಬರಿದಾಗಿತ್ತು.

"ಬರ್ರಿ ತಿರಕಪ್ಪಾರ, ಕುಂಡ್ರಿ. ತಪ್ಪು ತಿಳೀಬ್ಯಾಡ್ರಿ, ಗಾಡಿ ಕೊಟ್ಟಬಿಟ್ಟೆ."

"ಸಂಜೀತನಾ ಇಡತೀನಿ ಅಂದಿದ್ರಲ್ರೀ!"

"ಅಂದಿದ್ದೆ. ಆದ್ರ ಗ್ರೂಪಿನ್ಯಾಗ ಒಂದು ಚಿನ್ನದಂಥಾ ಗಾಡಿ ಖಬರ ಬಂತು. ರೊಕ್ಕಕ್ಕ ಏನ್ ಮಾಡ್ಲಿ ಅನ್ನೂದ್ರಾಗ ಲಕ್ಷ್ಮೇಶ್ವರದವ್ರು ಬಂದ್ರು, ನಂದು ಅವ್ರಿಗೆ ಕೊಟ್ಟೆ, ಫೋನಿನ್ಯಾಗ ಬೆಲಿ ಕೂಗಿ ಅದನ್ನ ಹೊಡದೆ. ಅದರ ಮಾಲಕ ಅಳತಿದ್ನಂತ್ರೀ, ಪಾಪ!"

ಅಷ್ಟರಲ್ಲೇ ಬಾಗಿಲಿಗೆ ಆ ಚಿನ್ನ ಬಂತು: ಇನ್ನೊಂದು ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿ ಎಳೆಸಿಕೊಂಡು, ದಾರಿಯುದ್ದಕ್ಕೂ ಎಣ್ಣೆ ಚಿಮುಕಿಸುತ್ತ.

ನಾನೇ ಆ ಮಾಲಕ ಎನ್ನಲು ತಿರಕಪ್ಪ ಬಾಯಿ ತೆರೆದ. ಹೇಳಿದರೆ ಹನಮಪ್ಪ ರೊಕ್ಕ ಮರಳಿ ಕೇಳುವನು. ಬೆಳಗಿನಿಂದ ಮುಚ್ಚದಿದ್ದ ಬಾಯಿ ಜೀವಮಾನದಲ್ಲಿ ಮೊದಲ ಸಲ ತಾನಾಗಿ ಮುಚ್ಚಿಕೊಂಡಿತು.

"ಚೊಲೋ… ಚೊಲೋ ಗಾಡಿ ಐತ್ರಿ," ಎಂದ.

ಹನಮಪ್ಪ ಉಬ್ಬಿಹೋದ. "ನಿಮ್ಮ ಬಿತ್ತಿಗಿ ಹದಾ ನಾ ಕೆಡಸಂಗಿಲ್ರೀ. ನಾಳಿಗೆ ಇದನ್ನ ಬಾಡಿಗಿಗೆ ಒಯ್ರಿ, ಊರಾಗಿನ ದರದ ದುಪ್ಪಟ್ಟು ಕೊಟ್ರ ಸಾಕು. ಆದ್ರ ಒಂದು ಮಾತು."

"ಏನ್ರೀ?"

"ನಾಜೂಕ ಹೊಡೀರಿ. ಇಂಥಾ ಗಾಡಿ ಹೊಡದು ನಿಮಗ ರೂಢಿ ಇರಂಗಿಲ್ಲ."