ಮಾಸೂರಿಗೆ ಹನ್ನೊಂದು ಮಂದಿ

ಪರದೇಶದಲ್ಲಿ ನಡೆಯುವ ಟೆಸ್ಟ್ ಪಂದ್ಯಕ್ಕೆ ಯಾರನ್ನು ತಗೊಂಡರು, ಯಾರನ್ನು ಬಿಟ್ಟರು ಎಂಬುದರಿಂದ ಸವಣೂರಿನ ಒಬ್ಬ ದರ್ಜಿಗೆ ಆಗುವುದೇನು, ಹೋಗುವುದೇನು? ಏನೂ ಇಲ್ಲ. ಆದರೂ ಅವತ್ತು ಮುಂಜಾನೆ ಕರೀಮಸಾಬರ ಚಹಾದಂಗಡಿಯ ಟಿ.ವಿ.ಯಲ್ಲಿ ತಂಡದ ಹೆಸರುಗಳು ಬಂದ ಕೂಡಲೇ ಮುಜಮ್ಮಿಲ ತನ್ನ ಗ್ಲಾಸನ್ನು ಟೇಬಲ್ಲಿಗೆ ಕುಕ್ಕಿದ ರಭಸಕ್ಕೆ ಅರ್ಧ ಚಹಾ ಪಕ್ಕದಲ್ಲಿ ಕೂತವನ ಅಂಗಿಯ ಮೇಲೆ ಹೋಯಿತು. ಆ ಅಂಗಿ ಹೊಲಿದವನೂ ಅವನೇ.

"ಮತ್ತ ಅದನ್ನ ಮಾಡಿದ್ರು ನೋಡ್ರಿ! ಖರೇ ಬೌಲರ್‌ನ ಹೊರಗ ಕುಂದರ್ಸಿ ಮೂರು ಮಂದಿ ಆಲ್‌ರೌಂಡರ್ ತಗೊಂಡಾರ. ಅರ್ಧ ಬ್ಯಾಟು, ಅರ್ಧ ಬಾಲು! ಅರ್ಧ ಹೊಲಿದ ಅಂಗಿ ಯಾವನರ ಹಾಕ್ಕೋತಾನೇನು?"

ಟಿ.ವಿ.ಯೊಳಗಿನ ಪಂಡಿತನೊಬ್ಬ ಸಮಾಧಾನದಿಂದ ಹೇಳುತ್ತಿದ್ದ: "ವಿದೇಶದ ಪಿಚ್‌ಗಳಲ್ಲಿ ಬ್ಯಾಟಿಂಗಿನ ಆಳ ಬಹಳ ಮುಖ್ಯ."

"ಆಳ ಬೇಕಂದ್ರ ಬಾವಿ ತೋಡ್ರಲೇ!" ಎಂದು ಮುಜಮ್ಮಿಲ ಟಿ.ವಿ.ಗೇ ಕೂಗಿದ.

ಕರೀಮಸಾಬರು ಸಾಸರು ಒರೆಸುತ್ತ ಇದನ್ನೆಲ್ಲ ಕೇಳುತ್ತಿದ್ದರು. ಊರಿನ ಕ್ರಿಕೆಟ್ ಸಂಘಕ್ಕೆ ಅವರೇ ಅಧ್ಯಕ್ಷರು, ಏಕೆಂದರೆ ಸಭೆ ಕೂಡಲು ಬೆಂಚುಗಳಿದ್ದದ್ದು ಅವರ ಅಂಗಡಿಯಲ್ಲಿ ಮಾತ್ರ. ಸಂಘಕ್ಕೂ ಒಂದು ಪರದೇಶವಿತ್ತು. ವರ್ಷಕ್ಕೊಮ್ಮೆ, ಮಳೆಗಾಲ ಹಿಂದಾದ ಮೇಲೆ, ಸವಣೂರಿನವರು ವರದಾ ಹೊಳೆ ದಾಟಿ ಹಿರೇಕೆರೂರು ಸೀಮೆಯ ಮಾಸೂರಿಗೆ ಹೋಗಿ ಕೆಂಪು ಚೆಂಡಿನಲ್ಲಿ, ಬಿಳಿ ಬಟ್ಟೆಯಲ್ಲಿ ಎರಡು ದಿನದ ಪಂದ್ಯ ಆಡುವುದು ರೂಢಿ. ಇವರ ಮೈದಾನ ಒಡೆದ ಎರೆಮಣ್ಣು. ಅವರದ್ದು ಮದಗದ ಕೆರೆಯ ತಂಪಿಗೆ ಹಸಿರು ಹುಲ್ಲು ಹೊತ್ತ ಪಿಚ್ಚು, ಅಲ್ಲಿ ಚೆಂಡು ಮುಂಜಾನೆ ಹೊತ್ತು ಹಾವಿನ ಹಾಗೆ ಹರಿಯುತ್ತದೆ. ಸವಣೂರಿನವರು ಅಲ್ಲಿ ಗೆದ್ದದ್ದು ಊರಿನ ಹಿರಿಯರಿಗೂ ನೆನಪಿರಲಿಲ್ಲ.

ಆ ಪಿಚ್ಚಿನ ಮೇಲೆ ಮುಜಮ್ಮಿಲನಿಗೆ ಹಳೆಯ ಸೇಡಿತ್ತು. ಕೆಲವು ವರ್ಷದ ಹಿಂದೆ ಓಪನಿಂಗ್ ಹೋಗಿ ಮೊದಲ ಚೆಂಡಿಗೇ ಬೌಲ್ಡ್ ಆಗಿದ್ದ. ತಿರುಗಿ ಬರುವಾಗ ಮಾಸೂರಿನವನೊಬ್ಬ, "ಏನ ದರ್ಜೀ, ಸ್ಟಂಪಿನ ಅಳತಿ ತಗೊಂಡ್ ಹೋಗಾಕ ಬಂದಿದ್ದೇನು?" ಎಂದು ಕೇಳಿದ್ದ. ಆ ಮಾತು ಅವನ ಎದೆಯಲ್ಲಿ ಸೂಜಿ ಮುರಿದ ಹಾಗೆ ಉಳಿದಿತ್ತು. ಆಮೇಲೆ ಅವನದು ಒಂದೇ ಹರಕೆ, ಅದನ್ನು ಚಹಾದಂಗಡಿಯಲ್ಲಿ ಕೇಳದವರಿಲ್ಲ: "ಒಂದ್ ಸಲ, ಒಂದ ಸಲ, ಮಾಸೂರಿನ ಪಿಚ್ ಮ್ಯಾಲೆ ಮುಂಜಾನಿಂದ ಊಟದ ಹೊತ್ತಿನ ತನಕ ನಿಂದ್ರಬೇಕು. ಯಾವನಿಂದಾನೂ ನನ್ನ ಔಟ್ ಮಾಡೂದು ಆಗಬಾರ್ದು." ನಲವತ್ತು ದಾಟಿತ್ತು, ಮೊಣಕಾಲು ಕಟಕಟ ಅನ್ನುತ್ತಿದ್ದವು. ಈ ಸಲ ತಪ್ಪಿದರೆ ಮುಂದಿಲ್ಲ ಎಂದು ಅವನಿಗೇ ಗೊತ್ತು. ಅದಕ್ಕೆಂದೇ ತನಗಾಗಿ ಹೊಸ ಬಿಳಿ ಪ್ಯಾಂಟು ಹೊಲಿದು ಅಂಗಡಿಯ ಕನ್ನಡಿ ಪಕ್ಕ ತೂಗುಹಾಕಿದ್ದ.

"ಇಷ್ಟು ತಿಳಿದಾಂವ ಅದಿ, ನಾಳೆ ಮಾಸೂರಿಗೆ ಹೋಗೂ ತಂಡ ನೀನ ಆರಿಸು," ಎಂದರು ಕರೀಮಸಾಬರು.

"ಆರಿಸ್ತೇನಿ ಚಾಚಾ! ಬ್ಯಾಟ್ಸ್‌ಮನ್ ಅಂದ್ರ ಬ್ಯಾಟ್ಸ್‌ಮನ್, ಬೌಲರ್ ಅಂದ್ರ ಬೌಲರ್. ಬೀಗರು, ದೋಸ್ತರು ಯಾರೂ ಇಲ್ಲ. ಆರಿಸೋ ಮಂದಿಗೆ ನಿಯತ್ತು ಬೇಕು. ಬಡಸಾಂವ ತನ್ನ ತಾಟಿಗೆ ಬಡಸ್ಕೋಬಾರ್ದು! ಇದು ನನ್ನ ಕಾನೂನು!"

ಬೆಂಚಿನವರು ಚಪ್ಪಾಳೆ ತಟ್ಟಿದರು. ಕರೀಮಸಾಬರು ಮಾತ್ರ ಗಡ್ಡ ನೀವಿಕೊಂಡು, "ಖರೇನ?" ಎಂದರು.

"ಖುದಾ ಕಸಮ್!"

"ಆತು. ನಮ್ಮ ಕಡಿಂದ ಒಬ್ಬ ಅಂಪೈರ್ ಒಯ್ಯಬೇಕಲ್ಲ, ಹೋದ ಸಲದಾಂವ ಕಣ್ಣಿನ ಪೊರಿ ತೆಗಿಸ್ಕೊಂಡು ಮಲಗ್ಯಾನ. ಅದನ್ನ ನಾ ನೋಡ್ತೇನಿ. ನೀ ಹನ್ನೊಂದು ಮಂದೀನ ನೋಡು. ಸಂಜಿಕೆ ಇಲ್ಲೇ ಹೆಸರು ಓದು."

ಅಂಗಡಿಗೆ ಬಂದ ಮುಜಮ್ಮಿಲ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ತಂಡ ಬರೆದ. ಮೊದಲ ಹೆಸರು ತನ್ನದು. ಎರಡನೆಯದು ಅಫ್ಜಲನದು. ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟ ಅಫ್ಜಲ ಬ್ಯಾಟು ಹಿಡಿದರೆ ನೊಣ ಓಡಿಸಲಿಕ್ಕೂ ಬಾರದವ, ಆದರೆ ಹುಲ್ಲಿನ ಪಿಚ್ಚಿನಲ್ಲಿ ವೇಗದ ಚೆಂಡು ಹೊರಳಿಸುವವನು ಊರಿಗೆ ಅವನೊಬ್ಬನೇ. ಉಳಿದವರನ್ನೂ ಹಾಗೇ ಹೆಕ್ಕಿ ಬರೆದ. ಒಬ್ಬನೂ ಅರೆಬರೆ ಇಲ್ಲದ ತಂಡ. ನೋಡಿ ಅವನಿಗೇ ಕಣ್ತುಂಬಿ ಬಂತು. ಆಮೇಲೆ ಕತ್ತರಿ ತಗೊಂಡು ದ್ಯಾಮಪ್ಪನ ನೆಹರೂ ಶರ್ಟಿನ ಬಟ್ಟೆ ಹರವಿದ.

ನೆನೆಸಿದ ಹಾಗೆ ದ್ಯಾಮಪ್ಪನೇ ಬಂದ. ಟೆಂಪೋ ಮಾಲೀಕ, ಮೈಯಲ್ಲಿ ಅರ್ಧ ಟೆಂಪೋ. ಮೇಜಿನ ಮೇಲಿನ ಹೆಸರುಗಳನ್ನು ಓದಿ, "ನಂದೆಲ್ಲೈತಿ?" ಎಂದ.

"ನೀ ಬ್ಯಾಟ್ಸ್‌ಮನ್ನೋ ಬೌಲರ್ರೋ?"

"ಎರಡೂ."

"ಎರಡೂ ಅಲ್ಲ ದ್ಯಾಮಪ್ಪಾ! ನೀ ಬ್ಯಾಟ್ ಹಿಡಿದ್ರ ಬೌಲರ್ ಕಂಡಂಗ ಕಾಣ್ತಿ, ಬಾಲ್ ಹಿಡಿದ್ರ ಬ್ಯಾಟ್ಸ್‌ಮನ್ ಕಂಡಂಗ ಕಾಣ್ತಿ!"

"ಮತ್ತ ಟೆಂಪೋ ಯಾರದು? ಹನ್ನೊಂದು ಮಂದಿ ಮಾಸೂರ ತನಕ ಓಡಿಕೋತ ಹೋಗ್ತೀರೇನು?"

"ಟೆಂಪೋ ಐತಿ ಅಂತ ಟೀಮಿನ್ಯಾಗ ತಗೋಬೇಕೇನು? ಇದಕ್ಕ ದೇಶ ಹಾಳಾಗೇತಿ! ಇದಕ್ಕ..." ಎನ್ನುತ್ತ ಮುಜಮ್ಮಿಲ ಪ್ರತಿ ಮಾತಿಗೂ ಕತ್ತರಿ ಆಡಿಸಿದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಮೂಗಿನದು ಹೇಗೋ, ತೋಳಿನದಂತೂ ಬರುವುದಿಲ್ಲ. ದ್ಯಾಮಪ್ಪ ಬಾಗಿ ನೋಡಿದ.

"ಇದು ನಂದ ಅರಿವಿ ಅಲ್ಲೇನು? ಮಗಳ ನಿಶ್ಚಿತಾರ್ಥಕ್ಕ ಉದ್ದ ತೋಳಿಂದು ಹೇಳಿದ್ದೆ. ಇದು ಮೊಣಕೈಯಿಗೆ ಬಂದು ನಿಂತೇತಲ್ಲೋ! ಅರ್ಧಮರ್ಧ ನಿನಗ ಆಗಿ ಬರಂಗಿಲ್ಲ, ಹೌದಲ್ಲೋ?"

ಮುಜಮ್ಮಿಲ ಅಂಗೈಯಿಂದ ಒಬ್ಬ ಬ್ಯಾಟ್ಸ್‌ಮನ್‌ನ ಹೆಸರು ಅಳಿಸಿ ದ್ಯಾಮಪ್ಪನ ಹೆಸರು ಬರೆದ. ಒತ್ತಿದ ಸಿಟ್ಟಿಗೆ ಸೀಮೆಸುಣ್ಣ ಎರಡು ತುಂಡಾಯಿತು.

ಸುದ್ದಿ ದ್ಯಾಮಪ್ಪನಿಗಿಂತ ಮೊದಲೇ ರಸ್ತೆ ದಾಟಿತು. ಎದುರಿನ ಖಾನಾವಳಿಯ ಫಕ್ಕೀರವ್ವ ಜೋಳದ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಎರಡು ದಿನದ ಬುತ್ತಿ ಕಟ್ಟಾಕ ನಾ ಬೇಕು, ನನ್ನ ಮಗಾ ಲೋಹಿತ ಬ್ಯಾಡೇನೋ ತಮ್ಮಾ?"

"ಯವ್ವಾ, ಬುತ್ತಿ ಬ್ಯಾಡ ಬಿಡು. ಮಾಸೂರವರು ಊಟಕ್ಕ ಹಾಕ್ತಾರ."

"ಹಾಕ್ತಾರ ಹಾಕ್ತಾರ! ಆಗೊಮ್ಮೆ ಹೋಳಗಿ ತುಪ್ಪಾ ಹಾಕಿದ್ದು ಮರತಿಯೇನು? ಉಂಡು ಮೈದಾನಕ್ಕ ಇಳದಾವ್ರು ನಿಂತಲ್ಲೇ ತೂಕಡಿಸಿ, ಬಾಲು ಕಾಲಾಗ ಹಾದು ಹೋದ್ರೂ ಎಚ್ಚರ ಇದ್ದಿದ್ದಿಲ್ಲ ನಿಮಗ!"

ಅದು ನಿಜ. ಮಾಸೂರಿನವರ ಅತಿಥಿ ಸತ್ಕಾರ ಅವರ ಬೌಲಿಂಗಿಗಿಂತ ಅಪಾಯದ್ದು. ಆವತ್ತಿನಿಂದ ಸವಣೂರಿನ ತಂಡ ಫಕ್ಕೀರವ್ವನ ರೊಟ್ಟಿ, ಝುಣಕ ಕಟ್ಟಿಕೊಂಡೇ ಹೋಗುತ್ತಿತ್ತು.

"ನನ್ನ ಮಗಾ ಬ್ಯಾಟೂ ಹಿಡಿತಾನ, ಬಾಲೂ ಒಗಿತಾನ, ಕೀಪಿಂಗೂ ಮಾಡ್ತಾನ," ಎಂದಳು.

"ಮೂರರಾಗ ಒಂದರಾಗರ ಪಾಸಾಗ್ಯಾನೇನವ್ವಾ?"

ಈ ಮಾತು ಆಡಬಾರದಿತ್ತು. ಫಕ್ಕೀರವ್ವ ಹಿಟ್ಟಿನ ಕೈಯನ್ನು ಮೇಜಿನ ಮೇಲೆ ಬಡಿದಳು. ರೊಟ್ಟಿ ಬಡಿದು ಪಳಗಿದ ಕೈ ಅದು. ಒಬ್ಬ ಸ್ಪಿನ್ನರ್‌ನ ಹೆಸರು ಅದರ ಕೆಳಗೇ ಅಳಿಸಿಹೋಯಿತು. ಆ ಜಾಗದಲ್ಲಿ ಲೋಹಿತನ ಹೆಸರು ಬರೆಯುವ ತನಕ ಅವಳು ಕದಲಲಿಲ್ಲ.

ಉರಿಯುತ್ತ ಮನೆಗೆ ಉಣ್ಣಲು ಹೋದರೆ ಹೆಂಡತಿ ಸುಹಾನಾ ಎರಡು ತಾಟು ಇಟ್ಟಳು. ಒಂದರಲ್ಲಿ ಬರೀ ಅನ್ನ. ಇನ್ನೊಂದರಲ್ಲಿ ಬರೀ ಬೇಳೆ, ಉಪ್ಪಿಲ್ಲ, ಒಗ್ಗರಣೆ ಇಲ್ಲ.

"ಇದೇನು?"

"ಇದು ಅಕ್ಕಿ, ಅದು ಬ್ಯಾಳಿ. ಕೂಡಿಸಿದ್ರ ಖಿಚಡಿ ಆಗಿ ಆಲ್‌ರೌಂಡರ್ ಆಗ್ತೈತಿ. ನಿಮಗ ಅದು ಸೇರಂಗಿಲ್ಲ ಅಂತ ಚಹಾದಂಗಡ್ಯಾಗ ಕಸಮ್ ತಗೊಂಡೀರಂತಲ್ಲ. ಊರಾನ ಟೆಂಪೋದಾಂವ ನಡಿತಾನ, ಖಾನಾವಳಿಯಾಕಿ ಮಗಾ ನಡಿತಾನ. ನನ್ನ ತಮ್ಮ ರಿಯಾಜ ಏನ್ ಪಾಪ ಮಾಡ್ಯಾನ್ರಿ?"

"ನಿನ್ನ ತಮ್ಮ ಎರಡೂ ಮಾಡಿ ಎರಡೂ ಕೆಡಸಾಂವ!"

"ಹಂಗಾದ್ರ ರಾತ್ರಿಗೂ ಇದ ಅಡಗಿ."

ಮುಜಮ್ಮಿಲ ಒಂದು ತುತ್ತು ಅನ್ನ ನುಂಗಿದ, ಒಂದು ತುತ್ತು ಬೇಳೆ ನುಂಗಿದ. ಎರಡೂ ಗಂಟಲಲ್ಲಿ ಒಂದನ್ನೊಂದು ಕಾಯುತ್ತ ನಿಂತವು. ಅಂಗಡಿಗೆ ಮರಳಿ ರಿಯಾಜನ ಹೆಸರು ಬರೆಯಲು ಜಾಗ ಹುಡುಕಿದ. ಕೀಪರ್ ಒಬ್ಬನೇ, ಅವನನ್ನು ಮುಟ್ಟುವಂತಿಲ್ಲ. ಸ್ಪಿನ್ನರ್ ಆಗಲೇ ಹೋದ. ಬ್ಯಾಟ್ಸ್‌ಮನ್‌ಗಳು ಇನ್ನೂ ಒಬ್ಬ ಕಡಿಮೆಯಾದರೆ ಆ ಹುಲ್ಲಿನ ಮೇಲೆ ಊಟದ ಹೊತ್ತಿಗೆ ತಂಡವೇ ಮುಗಿಯುತ್ತದೆ. ಹೇಗೆ ತಿರುಗಿಸಿ ನೋಡಿದರೂ ಕೊನೆಗೆ ಉಳಿದದ್ದು ಎರಡೇ ಹೆಸರು: ಒಂದು ಅಫ್ಜಲ, ಒಂದು ತಾನು.

ಕನ್ನಡಿ ಪಕ್ಕದ ಬಿಳಿ ಪ್ಯಾಂಟು ಗಾಳಿಗೆ ಸಣ್ಣಗೆ ಆಡಿತು. ಮುಜಮ್ಮಿಲ ಅದನ್ನು ನೋಡಿದ. ಆಮೇಲೆ ಅತ್ತಿತ್ತ ನೋಡಿ, ಅಫ್ಜಲನ ಹೆಸರಿನ ಮೇಲೆ ಅಂಗೈ ಇಟ್ಟು ಒರೆಸಿದ.

ಅಷ್ಟರಲ್ಲೇ ಅಫ್ಜಲ ಬಂದ. ತೆಂಗಿನಮರದಂಥ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಕೈಯಲ್ಲಿ ತನ್ನ ಹಳೆಯ ಬಿಳಿ ಪ್ಯಾಂಟು, ಎರಡೂ ಮೊಣಕಾಲಿನಲ್ಲಿ ಹರಿದಿತ್ತು.

"ಭಾಯಿ, ನಾಳಿಗೆ ಇದಕ್ಕೊಂದು ತೇಪಿ ಹಚ್ಚಿ ಕೊಡ್ರಿ," ಎಂದವನ ಕಣ್ಣು ಮೇಜಿನ ಮೇಲೆ ಬಿತ್ತು. ತನ್ನ ಹೆಸರಿದ್ದಲ್ಲಿ ಬಿಳೀ ಮಸುಕು ಇತ್ತು.

"ಹಂಗಲ್ಲ ಅಫ್ಜಲ," ಎಂದ ಮುಜಮ್ಮಿಲ. "ಬೌಲಿಂಗ್ ಮಾಡಾಕ ಮೂರು ಮಂದಿ ಆಲ್‌ರೌಂಡರ್ ಅದಾರ. ಮಾಸೂರು ಅಂದ್ರ ಪರದೇಶದ ಪಿಚ್. ಅಲ್ಲಿ ಬ್ಯಾಟಿಂಗಿನ ಆಳ..."

ಮಾತು ಬಾಯಲ್ಲೇ ನಿಂತಿತು.

"ಆಳ ಬೇಕಂದ್ರ ಬಾವಿ ತೋಡ್ರಿ ಅಂತ ಮುಂಜಾನೆ ನೀವ ಅಂದ್ರಂತಲ್ಲ ಭಾಯಿ," ಎಂದ ಅಫ್ಜಲ. ದನಿ ಏರಿಸಲಿಲ್ಲ. ಹರಿದ ಪ್ಯಾಂಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. "ತೇಪಿ ಬ್ಯಾಡ ಬಿಡ್ರಿ."

ಅವನು ಜಗಳವಾಡಿದ್ದರೆ ಮುಜಮ್ಮಿಲನಿಗೆ ಹಗುರಾಗುತ್ತಿತ್ತು. ಆಡಲಿಲ್ಲವಲ್ಲ ಎಂಬ ಸಿಟ್ಟಿಗೆ ಸಂಜೆಯ ತನಕ ಹೊಲಿಗೆ ಯಂತ್ರವನ್ನು ತುಳಿದೇ ತುಳಿದ. ಯಾವ ಗಿರಾಕಿಯ ಪಾಯಿಜಾಮಕ್ಕೆ ಎಷ್ಟು ಹೊಲಿಗೆ ಬಿತ್ತೋ ದೇವರೇ ಬಲ್ಲ.

ಸಂಜೆ ಚಹಾದಂಗಡಿಯ ಬೆಂಚುಗಳು ತುಂಬಿದ್ದವು. ಅಫ್ಜಲ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದ. ಟಿ.ವಿ.ಯಲ್ಲಿ ಪರದೇಶದ ಟೆಸ್ಟ್ ನಡೆದಿತ್ತು, ಮುಂಜಾನೆ ಮುಜಮ್ಮಿಲ ಬೈದಿದ್ದ ಆಲ್‌ರೌಂಡರ್‌ಗಳಲ್ಲೊಬ್ಬ ಅರ್ಧ ಶತಕ ಹೊಡೆದು ಬ್ಯಾಟು ಎತ್ತುತ್ತಿದ್ದ. ಮುಜಮ್ಮಿಲ ಅದಕ್ಕೆ ಬೆನ್ನು ಮಾಡಿ ನಿಂತು ಗಂಟಲು ಸರಿಮಾಡಿಕೊಂಡ.

"ಒಂದನೇದು, ಮುಜಮ್ಮಿಲ..."

"ತಡಿ," ಎಂದರು ಕರೀಮಸಾಬರು. "ಆರಿಸಿದಾಂವ ಯಾರು?"

"ನಾನ."

"ಬಡಸಾಂವ ತನ್ನ ತಾಟಿಗೆ ಬಡಸ್ಕೋಬಾರ್ದು ಅಂದಾಂವ ಯಾರು?"

ಬೆಂಚಿನವರೆಲ್ಲ ಗ್ಲಾಸು ಕೆಳಗಿಟ್ಟು ಮುಜಮ್ಮಿಲನನ್ನೇ ನೋಡಿದರು.

"ಚಾಚಾ, ಅದು ನಾ ಟಿ.ವಿ.ಯಾನ ಮಂದಿಗೆ ಅಂದಿದ್ದು!"

"ಕಸಮ್ ತಗೊಂಡಿದ್ದು ನನ್ನ ಅಂಗಡ್ಯಾಗ," ಎಂದರು ಕರೀಮಸಾಬರು. ಮೋಟು ತೋಳಿನ ಹೊಸ ಶರ್ಟು ಹಾಕಿಕೊಂಡೇ ಬಂದಿದ್ದ ದ್ಯಾಮಪ್ಪ ಎಲ್ಲರಿಗಿಂತ ಜೋರಾಗಿ, "ಹೇಳೂದು ಶಾಸ್ತ್ರ, ಹಾಕೂದು ಗಾಳ!" ಎಂದ. ಬೆಂಚುಗಳು ಹೋ ಎಂದವು.

"ಹಂಗಾದ್ರ ಓಪನಿಂಗ್ ಯಾವ ಹೋಗ್ತಾನ? ನಿಮ್ಮಪ್ಪ ಹೋಗ್ತಾನೇನ್ರಲೇ?" ಎಂದು ಮುಜಮ್ಮಿಲ ಚೀರಿದ.

"ನಾ ಹೋಗ್ತೇನಿ ಭಾಯಿಜಾನ್," ಎಂದು ಮೂಲೆಯಿಂದ ರಿಯಾಜ ಕೈ ಎತ್ತಿದ.

ಖಾಲಿಯಾದ ಜಾಗಕ್ಕೆ ಯಾರು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಎಲ್ಲರೂ ಕಂಬದ ಕಡೆ ತಿರುಗಿದರು. ಮುಜಮ್ಮಿಲನೂ ತಿರುಗಿದ, ಸಿಟ್ಟಿನಲ್ಲಿ, ಆದರೆ ಎಲ್ಲರಿಗಿಂತ ಮೊದಲು ಹೆಸರು ಕೂಗಿದವನೂ ಅವನೇ: "ಅಫ್ಜಲ! ಬಾರಲೇ ಒಳಗ!"

"ಭಾಯಿ, ನನ್ನ ಪ್ಯಾಂಟು ಹರದೇತಿ. ತೇಪಿ ಬ್ಯಾಡ ಅಂತ ಚಿಂದಿಗೆ ಹಾಕಿ ಬಂದೆ," ಎಂದ ಅಫ್ಜಲ.

ಕರೀಮಸಾಬರು ರಸ್ತೆಯಾಚೆಯ ದರ್ಜಿ ಅಂಗಡಿಯ ಕನ್ನಡಿಯ ಕಡೆ ನೋಡಿದರು.

ಸ್ವಲ್ಪ ಹೊತ್ತಿನ ಮೇಲೆ ದರ್ಜಿ ಅಂಗಡಿಯಲ್ಲಿ ಮುಜಮ್ಮಿಲ ಅಫ್ಜಲನ ಕಾಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ತನ್ನ ಬಿಳಿ ಪ್ಯಾಂಟಿನ ಕೆಳಗಿನ ಮಡಿಕೆ ಬಿಚ್ಚುತ್ತಿದ್ದ. ಉದ್ದ ಸಾಲದು, ಸೊಂಟ ಹೆಚ್ಚು. ಬಾಯಲ್ಲಿ ಗುಂಡುಪಿನ್ನು ಕಚ್ಚಿದ್ದರಿಂದ ಬೈಗುಳ ಹೊರಗೆ ಬರಲಿಲ್ಲ. ಅಷ್ಟು ಸಿಟ್ಟು ಒಬ್ಬ ಮನುಷ್ಯನ ಒಳಗೆ ಹಿಡಿಸುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಟಿ.ವಿ. ಮೇಲೆ ಸಿಟ್ಟು, ದ್ಯಾಮಪ್ಪನ ಮೇಲೆ ಸಿಟ್ಟು, ಹೆಂಡತಿಯ ಬೇಳೆಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಮುಂಜಾನೆ ಸುಮ್ಮನಿರದ ತನ್ನ ನಾಲಿಗೆಯ ಮೇಲೆ.

ಬಾಗಿಲಲ್ಲಿ ಕರೀಮಸಾಬರು ಬಂದು ನಿಂತರು.

"ಬ್ಯಾಸರ ಮಾಡ್ಕೋಬ್ಯಾಡ ಮುಜಮ್ಮಿಲ. ನಾಳೆ ನೀನೂ ಹೊಂಟಿ. ಅಂಪೈರ್ ಸಿಕ್ಕಾನ ಅಂತ ಮಾಸೂರವರಿಗೆ ಫೋನ್ ಮಾಡಿ ನಿನ್ನ ಹೆಸರು ಹೇಳೇನಿ."

ಮುಜಮ್ಮಿಲ ಬಾಯಿಂದ ಪಿನ್ನುಗಳನ್ನು ತೆಗೆದ.

"ನಾ? ಅಂಪೈರಾ?"

"ಮತ್ತ? ನಿನ್ನ ಹರಕಿ ಅದ ಅಲ್ಲೇನು? ಮಾಸೂರಿನ ಪಿಚ್ ಮ್ಯಾಲೆ ಮುಂಜಾನಿಂದ ಊಟದ ಹೊತ್ತಿನ ತನಕ ನಿಂದ್ರಬೇಕು, ಯಾವನಿಂದಾನೂ ಔಟ್ ಮಾಡೂದು ಆಗಬಾರ್ದು ಅಂತ. ಊಟದ ತನಕ ಯಾಕ, ಎರಡೂ ದಿನ ನಿಂದ್ರು. ಯಾವ ಬೌಲರ್ ಏನ್ ಮಾಡ್ತಾನ ನೋಡೂಣು."

ಮುಜಮ್ಮಿಲ ಎದ್ದು ನಿಂತ. ಬಾಯಿ ತೆರೆದ. ಕೈಯಲ್ಲಿ ಕತ್ತರಿ ಇರುವುದು ನೆನಪಾಗಿ ಮೊದಲು ಅದನ್ನು ಮೇಜಿನ ಮೇಲಿಟ್ಟ.

"ಅಂದಂಗ," ಎಂದರು ಕರೀಮಸಾಬರು ಮೆಟ್ಟಿಲು ಇಳಿಯುತ್ತ, "ಅಂಪೈರಿಗೆ ಕರಿ ಪ್ಯಾಂಟು ಬೇಕು. ಐತೋ, ಇಲ್ಲಾ ಈಗ ಹೊಲಕೋತಿಯೋ?"